ಹಿಟ್ಟು ತೊಳಸುವ ಚೌಕ

ಎಂಟಡಿ ಉದ್ದ, ಏಳಡಿ ಅಗಲ. ಗುಂಡ್ಲುಪೇಟೆಯಲ್ಲಿ ನಾನು ಕಟ್ಟಿಸುತ್ತಿದ್ದ ಮನೆಯ ಅಡುಗೆಮನೆ ಇದ್ದದ್ದು ಅಷ್ಟೇ. ಅಷ್ಟು ಜಾಗಕ್ಕೆ ನಾನು ಬರೆದ ನಕ್ಷೆಗಳನ್ನೆಲ್ಲ ಹಾಸಿದ್ದರೆ ಇಡೀ ಮನೆಯ ನೆಲ ಮುಚ್ಚಿಹೋಗುತ್ತಿತ್ತು. ರಜಾ ಚೀಟಿಯ ಹಿಂದೆ ಬರೆದೆ, ಬಸ್ ಟಿಕೆಟಿನ ಹಿಂದೆ ಬರೆದೆ, ಯಾರದೋ ಗೃಹಪ್ರವೇಶದ ಊಟದಲ್ಲಿ ಬಾಳೆ ಎಲೆಯ ಮೇಲೆ ಸಾರು ಮೆತ್ತಿದ ಬೆರಳಲ್ಲಿ ಬರೆದು ಪಕ್ಕದವರಿಂದ ಬೈಸಿಕೊಂಡೆ. ಮೂವತ್ತೆಂಟು ವರ್ಷದ ಗಂಡಸು ಒಲೆ ಎಲ್ಲಿ, ಸಿಂಕ್ ಎಲ್ಲಿ ಎಂದು ಹೀಗೆ ಹುಚ್ಚು ಹಿಡಿಸಿಕೊಳ್ಳಲು ಕಾರಣ ಕುದೇರಿನ ಒಬ್ಬಳು ಕೇಳಿದ ಒಂದು ಪ್ರಶ್ನೆ.

ಹೆಣ್ಣು ನೋಡಲು ಅಕ್ಕನ ಜೊತೆ ಅವರ ಮನೆಗೆ ಹೋಗಿದ್ದೆ. ಅವಳು ಚಾಮರಾಜನಗರದ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಆಗಷ್ಟೇ ಬಂದು ಸೀರೆ ಉಟ್ಟಿದ್ದಳು. ಕಣ್ಣಲ್ಲಿ ನಿದ್ದೆ, ತುಟಿಯಲ್ಲಿ ನಗು. ಸಂಬಳ ಕೇಳಬಹುದು, ವರ್ಗಾವಣೆ ಕೇಳಬಹುದು ಎಂದು ನಾನು ಉತ್ತರಗಳನ್ನು ಉರು ಹೊಡೆದುಕೊಂಡು ಹೋಗಿದ್ದೆ. ಕಾಫಿ ಲೋಟ ಕೈಗಿಡುತ್ತಾ ಅವಳು ಮೆಲ್ಲಗೆ ಕೇಳಿದ್ದು, "ಅಡ್ಗೆಮನೆ ಆಯ್ತಾ?"

"ಇನ್ನೂ ಇಲ್ಲ" ಎಂದೆ. "ಸರಿ" ಎಂದು ಒಳಗೆ ಹೋದಳು. ಹೊರಡುವಾಗ ಅವಳ ದೊಡ್ಡಪ್ಪ, "ಬರೋ ಭಾನುವಾರ ಬಂದು ಮನೆ ನೋಡ್ಕಂಡು ಯೋಳ್ತೀವಿ" ಎಂದರು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿಕೊಂಡು ಹೋಗುವುದು ನಮ್ಮಲ್ಲಿ ಇದ್ದದ್ದೇ. ಒಪ್ಪಿಗೆಯಾದರೆ ಆಮೇಲೆ ಮಾತುಕತೆ. ಮಾತುಕತೆ ಆಯಿತೆಂದರೆ ಮದುವೆ ಗೊತ್ತಾಯಿತೆಂದೇ ಅರ್ಥ. ಬಸ್ಸಿನಲ್ಲಿ ಕೂತಾಗ ನನಗೆ ಒಂದು ವಿಷಯ ಖಾತ್ರಿಯಾಗಿತ್ತು. ಈ ಹುಡುಗಿ ನನಗೆ ಬೇಕು. ಅವಳು ಬೇಡ ಅಂದರೆ ನಾನು ತಡೆದುಕೊಳ್ಳಲಾರೆ. ಅವಳ ಮನಸ್ಸು ಇರುವುದು ಅಡುಗೆಮನೆಯಲ್ಲಿ, ಹಾಗಾಗಿ ನನ್ನ ಹಣೆಬರಹ ಇರುವುದೂ ಅಲ್ಲೇ.

ಅವರ ಮನೆಯಲ್ಲೇ ನಾನು ಒಂದು ಕಳ್ಳ ಕೆಲಸ ಮಾಡಿ ಮುಗಿಸಿದ್ದೆ. ಬಾಗಿಲ ಬಳಿ ನಿಂತಾಗ ಅವಳ ನೆತ್ತಿ ಸ್ವಿಚ್ ಬೋರ್ಡಿನ ಮೇಲಂಚಿಗೆ ಬಂದಿತ್ತು. ಅವಳು ಒಳಗೆ ಹೋದದ್ದೇ ಎದ್ದು, ಬೋರ್ಡಿಗೆ ಭುಜ ತಾಗಿಸಿ ಅಳತೆ ತೆಗೆದುಕೊಂಡೆ. ದೊಡ್ಡಪ್ಪ, "ಏನ್ ನೋಡ್ತಾ ಇದ್ದೀರಿ?" ಎಂದರು. "ಕರೆಂಟ್ ಅದಾ ಅಂತ" ಎಂದೆ. ತಲೆಯ ಮೇಲೆ ಫ್ಯಾನು ಗಿರ್ರೆಂದು ತಿರುಗುತ್ತಿತ್ತು.

ನನ್ನ ಮನೆಯ ಗೋಡೆ ಎದ್ದು ತಾರಸಿಯೂ ಆಗಿತ್ತು. ಅಡುಗೆಕಟ್ಟೆ ಒಂದು ಬಾಕಿ. ಮೇಸ್ತ್ರಿ ವಯನಾಡಿನ ಕಡೆಯವರು, ನಗುವುದನ್ನು ಕಷ್ಟಪಟ್ಟು ತಡೆಯುವ ಮನುಷ್ಯ. "ಸೋಮವಾರ ಕಟ್ಟೆ ಹಾಕ್ತೇನೆ ಸಾರೇ. ಹಾಕಿದ ಮೇಲೆ ಆ ಕಡೆ ತಳ್ಳು, ಈ ಕಡೆ ತಳ್ಳು ಅಂದ್ರೆ ಆಗೂದಿಲ್ಲ" ಎಂದು ಮೊದಲೇ ಹೇಳಿಬಿಟ್ಟರು. ಭಾನುವಾರ ಅವಳು ಬರುವಷ್ಟರಲ್ಲಿ ಸುಣ್ಣದ ಪುಡಿಯಲ್ಲಿ ಇಡೀ ಅಡುಗೆಮನೆಯನ್ನು ನೆಲದ ಮೇಲೆ ಬರೆದಿಡಬೇಕೆಂದು ನಾನು ತೀರ್ಮಾನಿಸಿದೆ.

ಭೀಮನಬೀಡಿನಿಂದ ಅಕ್ಕ ಬಂದಳು. ಒಲೆ ಆಗ್ನೇಯಕ್ಕೆ, ಮುಖ ಪೂರ್ವಕ್ಕೆ ಎಂಬುದು ಅವಳ ಒಂದೇ ಷರತ್ತು. ಅಂಗಡಿಯಿಂದ ಫ್ರಿಜ್ಜಿನ ಖಾಲಿ ರಟ್ಟಿನ ಡಬ್ಬ ಹೊತ್ತು ತಂದು ಮೂಲೆಯಲ್ಲಿ ನಿಲ್ಲಿಸಿದೆ. ಅದರ ಬಾಗಿಲು ತೆಗೆದರೆ ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ, ಹೊರಗಿದ್ದವರು ಒಳಗೆ ಹೋಗುವ ಹಾಗಿಲ್ಲ. ಇನ್ನೊಂದು ಮೂಲೆಗೆ ತಳ್ಳಿದೆ. ಅಲ್ಲಿ ಡಬ್ಬದ ಬಾಗಿಲು ನೇರ ಒಲೆಯ ಮೇಲೆ. "ಹಾಲು ತಗಿಯಕ್ಕೋದೋಳು ಸೆರಗಿಗೆ ಬೆಂಕಿ ಹಚ್ಕಂಡು ಬರ್ಲಿ ಅಂತಾನಾ?" ಎಂದು ಅಕ್ಕ ಡಬ್ಬಕ್ಕೇ ಬೈದಳು. ನಾನು ಮಂಡಿ ಮಡಿಸಿ ಕುದೇರಿನವಳಷ್ಟು ಕುಳ್ಳಾಗಿ ಅಡುಗೆಮನೆಯಲ್ಲಿ ಓಡಾಡಿ, ಇಲ್ಲದ ಬಾಣಲೆ ಇಳಿಸಿ, ಇಲ್ಲದ ನಲ್ಲಿ ತಿರುಗಿಸಿ ನೋಡಿದೆ. ಮೇಸ್ತ್ರಿ ಕರಣೆ ಕೆಳಗಿಟ್ಟು ಹೊರಗೆ ಹೋಗಿ ನಕ್ಕು ಬಂದರು. ಆಮೇಲೆ ಕಟ್ಟೆಯ ಎತ್ತರ ಇಷ್ಟು ಎಂದು ಗೋಡೆಯ ಮೇಲೆ ಅವಳ ಮೊಣಕೈಗೆ ತಕ್ಕ ಗೆರೆ ಎಳೆದೆ. ಸಂತೋಷಕ್ಕೆ ಸೀಟಿ ಹೊಡೆಯುತ್ತಿದ್ದೆ.

ನನಗೆ ಹೆಮ್ಮೆ ತಂದದ್ದು ನಡುವಿನ ಚೌಕ. ರಾಗಿಮುದ್ದೆಗೆ ನಮ್ಮಲ್ಲಿ ಹಿಟ್ಟು ಎಂದೇ ಹೇಳುವುದು. ನಿಂತು ತೊಳಸಿದ ಹಿಟ್ಟಿಗೂ, ಪಾತ್ರೆ ಕೆಳಗಿಳಿಸಿ, ಕೂತು, ಎರಡು ಪಾದದ ನಡುವೆ ಬಿಗಿಹಿಡಿದು ಕೋಲಿನಲ್ಲಿ ತೊಳಸಿದ ಹಿಟ್ಟಿಗೂ ಬಹಳ ವ್ಯತ್ಯಾಸ. ಈಗಿನ ಅಡುಗೆಮನೆಗಳಲ್ಲಿ ಅದಕ್ಕೆ ಜಾಗವೇ ಇಡುವುದಿಲ್ಲ. ನಾನು ಇಟ್ಟೆ. ಅಕ್ಕನೂ ಹೆಚ್ಚು ಕಡಿಮೆ ಅವಳಷ್ಟೇ ಎತ್ತರ, ಹಾಗಾಗಿ ಅಕ್ಕನನ್ನು ಬಕೆಟ್ ಮುಂದೆ ಕೂರಿಸಿ, ಕಾಲು ಚಾಚಿಸಿ, ಹಿಮ್ಮಡಿಗೆ ಸರಿಯಾಗಿ ಸುಣ್ಣದ ಗೆರೆ ಹಾಕಿದೆ. ಮೂರಡಿ ಚೌಕ, ಅದರಾಚೆಗೆ ಫ್ರಿಜ್ಜು.

ಹಿಟ್ಟಿನ ವಿಷಯ ನನಗೆ ಇಷ್ಟೆಲ್ಲ ಹೇಗೆ ಗೊತ್ತು ಅಂದರೆ, ನನ್ನ ನೌಕರಿ ಬಂಡೀಪುರದ ಕಾಡಿನ ಚೆಕ್‌ಪೋಸ್ಟಿನಲ್ಲಿ. ಕ್ವಾರ್ಟರ್ಸಿನಲ್ಲಿ ಐದು ಜನಕ್ಕೆ ಹಿಟ್ಟು ತೊಳಸುವವನು ನಾನೇ. ನನ್ನ ಕೈಯಲ್ಲಿ ಒಂದು ಗಂಟೂ ಆಗುವುದಿಲ್ಲ. ಅಕ್ಕನಿಗೆ ಅದೇ ದಿಗಿಲು.

"ನೋಡ್ಲಾ, ನಾನು ಅಡ್ಗೆ ಮಾಡ್ತೀನಿ ಅಂತ ಅವ್ರ ಮುಂದೆ ಬಾಯ್ ಬುಟ್ಟೀಯ! ಹಿಟ್ಟು ತೊಳ್ಸೋ ಗಂಡು ಅಂತ ಊರೆಲ್ಲಾ ಆಡ್ಕತಾರೆ. ಸುಮ್ಗಿರು ಕಣ್ಲಾ."

ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟೆ.

ಭಾನುವಾರ ಅವಳೂ ದೊಡ್ಡಪ್ಪನೂ ಬಂದರು. ದೊಡ್ಡಪ್ಪ ಗೋಡೆ ಬಡಿದು ನೋಡಿದರು, ತಾರಸಿ ನೋಡಿದರು, "ನೀರು ಎಂಗೆ?" ಎಂದರು. ಅಕ್ಕ ಅವರನ್ನು ಸಂಪು ತೋರಿಸಲು ಕರೆದುಕೊಂಡು ಹೋದಳು; ಹೋಗುವಾಗ ನನ್ನನ್ನು ಕಣ್ಣಲ್ಲೇ ಗದರಿದಳು. ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ಅವಳು ಚಪ್ಪಲಿ ಹೊರಗೆ ಬಿಟ್ಟು, ಸುಣ್ಣದ ಗೆರೆ ತುಳಿಯದೆ, ಇಲ್ಲದ ಕಟ್ಟೆಯನ್ನು ಬಳಸಿಕೊಂಡು ಒಳಗೆ ಬಂದಳು.

"ಈ ಚೌಕ ಏನು?"

"ಹಿಟ್ಟು ತೊಳ್ಸಕ್ಕೆ. ನೀವು ಇಲ್ಲಿ ಆರಾಮಾಗಿ ಕೂತ್ಕಂಡು..."

ಅವಳ ಮುಖದ ನಗು ಥಟ್ಟನೆ ಹೋಯಿತು. ನನಗೆ ಗಾಬರಿ. ಜಾಗ ಸಾಲದೆಂದು ಬೇಸರವಾಯಿತೇನೋ ಎಂದುಕೊಂಡು, ಸಾಲುತ್ತದೆ ಎಂದು ತೋರಿಸಲು ಧೊಪ್ಪನೆ ಕೂತೇಬಿಟ್ಟೆ. ಮೇಸ್ತ್ರಿಯ ಖಾಲಿ ಬಾಂಡ್ಲಿಯನ್ನು ಪಾದಗಳ ನಡುವೆ ಎಳೆದುಕೊಂಡು, ಅಲ್ಲೇ ಬಿದ್ದಿದ್ದ ರಿಪೀಸು ಮರದ ಪಟ್ಟಿ ಕೈಗೆತ್ತಿಕೊಂಡೆ. "ನೋಡಿ, ಹಿಂಗೆ ನಡುಕ್ಕೆ ಕೋಲು ಇಳುಸ್ಬೇಕು. ಬಿರಬಿರ್‌ನೆ ತಿರುಗುಸ್ಬಾರ್ದು. ಮೊದ್ಲು ಅಂಚಿಗೆ ಒತ್ತಿ ಒತ್ತಿ ಗಂಟು ಒಡೀಬೇಕು, ಆಮ್ಯಾಕೆ ಒಂಚೂರು ನೀರು ಚಿಮುಕ್ಸಿ, ಸೊಂಟದಿಂದ ಬಲ ಬುಟ್ಟು..." ಖಾಲಿ ಬಾಂಡ್ಲಿಯಲ್ಲಿ ಐದು ಜನರ ಹಿಟ್ಟು ತೊಳಸಿಯೇ ತೊಳಸಿದೆ. ಬೆವರು ಬಂತು. ತಲೆಯೆತ್ತಿದಾಗ ಅವಳು ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು.

"ನಿಮ್ಗೆ ಹಿಟ್ಟು ತೊಳ್ಸಕ್ಕೆ ಬತ್ತದಾ?"

ಅಕ್ಕನಿಗೆ ಕೊಟ್ಟ ಮಾತು ಆಗ ನೆನಪಾಯಿತು. ಕೆಲಸ ಕೆಟ್ಟಿತು ಅಂದುಕೊಂಡೆ. ಆದರೂ ಕೈಯಲ್ಲಿ ಪಟ್ಟಿ ಹಿಡಿದು ಕೂತವನು ಸುಳ್ಳು ಹೇಳುವುದು ಹೇಗೆ? "ಬತ್ತದೆ" ಎಂದೆ. "ದಿನಾ ನಾನೇ ಮಾಡಾದು."

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ನನ್ನೆದುರು ಕುಕ್ಕರಗಾಲಲ್ಲಿ ಕೂತಳು. "ನಂಗೆ ಬರಲ್ಲ. ಎಷ್ಟ್ ಕಲ್ತ್ರೂ ಗಂಟಾಗೋಯ್ತದೆ. ಮದ್ವೆ ಆಗೋಗಂಟ ಯಾರ್ಗೂ ಯೋಳ್ಬೇಡ ಅಂತ ನಮ್ಮವ್ವ ಬಾಯ್ ಕಟ್ಟಿ ಕಳ್ಸವ್ಳೆ. ನಿಮ್ಮನೇಲಿ ನಿಂತ್ಕಂಡು ಮಾಡೋ ಹಂಗಿದ್ರೆ ಕುಕ್ಕರ್‌ನಲ್ಲಿ ಎಂಗೋ ಸುಧಾರಿಸ್ಬೋದು ಅಂತಾನೇ ಅಡ್ಗೆಮನೆ ಕೇಳಿದ್ದು. ಇಲ್ಲಿ ನೋಡಿದ್ರೆ ನೀವು ಹಿಟ್ಟಿಗೇ ಅಂತ ಜಾಗ ಮಾಡಿಟ್ಟಿದ್ದೀರಿ! ಜೀವ ಬಾಯಿಗೆ ಬಂದಿತ್ತು ನಂಗೆ."

ಮೊದಲು ಯಾರು ನಕ್ಕೆವೋ ಗೊತ್ತಿಲ್ಲ. ನಿಲ್ಲಿಸಲು ಆಗಲಿಲ್ಲ. ನಾನು ಬಾಂಡ್ಲಿ ತಬ್ಬಿಕೊಂಡು ನಕ್ಕೆ, ಅವಳು ರಟ್ಟಿನ ಫ್ರಿಜ್ಜಿಗೆ ಒರಗಲು ಹೋಗಿ ಅದರ ಸಮೇತ ಉರುಳಿದಳು. ಸ್ವಿಚ್ ಬೋರ್ಡಿನ ಕತೆಯನ್ನೂ ಹೇಳಿಬಿಟ್ಟೆ. "ಅಯ್ಯೋ, ಒಳಗಿಂದ ನೋಡ್ದೆ, ಅದ್ಕಾ ನೀವು ಗೋಡೆಗಂಟ್ಕಂಡಿದ್ದು?" ಎಂದು ಕಣ್ಣೊರೆಸಿಕೊಂಡಳು.

"ಸಾರು ಮಾತ್ರ ಚೆಂದಾಗಿ ಮಾಡ್ತೀನಿ" ಎಂದು ಎದ್ದು ಗೋಡೆಯ ಗೆರೆಗೆ ಮೊಣಕೈ ಇಟ್ಟು ನೋಡಿದಳು. "ಕಟ್ಟೆ ನನ್ ಅಳ್ತೆಗೇ ಇರ್ಲಿ, ಸರಿಯಾಗದೆ." "ನಾಳೆನೇ ಹಾಕ್ತಾರೆ" ಎಂದೆ. ಆಮೇಲೆ ಬಗ್ಗಿ ನನ್ನ ಕಾಲು ನೋಡಿದಳು. ಪಾದಗಳು ಚೌಕ ದಾಟಿ ಫ್ರಿಜ್ಜಿನ ಜಾಗದೊಳಕ್ಕೆ ನುಗ್ಗಿದ್ದವು. "ಈ ಚೌಕ ಸಾಲಾದಿಲ್ಲ. ಚಾಚಿ ಸರಿಯಾಗಿ" ಎಂದಳು. ಚಾಚಿದೆ. ಅವಳು ಫ್ರಿಜ್ಜಿನ ಗೆರೆಯನ್ನು ಅಂಗಾಲಿನಿಂದ ಉಜ್ಜಿ ಅಳಿಸಿ, "ಇದು ಹಾಲ್‌ಗೆ ಓಗ್ಲಿ" ಎಂದು, ಸುಣ್ಣದ ಪುಡಿ ಹಿಡಿಯಲ್ಲಿ ತುಂಬಿಕೊಂಡು ನನ್ನ ಹಿಮ್ಮಡಿಯ ಸುತ್ತ ಹೊಸ ಗೆರೆ ಬಿಟ್ಟುಕೊಂಡು ಬಂದಳು. ಅವಳ ಬೆರಳು ಕಾಲಿಗೆ ತಾಗಿದಾಗ ಬಾಂಡ್ಲಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಅಷ್ಟರಲ್ಲಿ ದೊಡ್ಡಪ್ಪ ಬಾಗಿಲಿಗೆ ಬಂದರು. ಹಿಂದೆ ಅಕ್ಕ. ಉರುಳಿದ ಫ್ರಿಜ್ಜು, ಬಾಂಡ್ಲಿ ಮುಂದೆ ಕಾಲು ಚಾಚಿ ಕೂತ ನಾನು, ಕೈಯೆಲ್ಲ ಸುಣ್ಣ ಮಾಡಿಕೊಂಡ ಅವಳು. ಅಕ್ಕ ಹಣೆ ಹಣೆ ಚಚ್ಚಿಕೊಂಡಳು.

"ಏನವ್ವ ಇದು?" ಎಂದರು ದೊಡ್ಡಪ್ಪ.

"ನಾಳೆ ಕಟ್ಟೆ ಹಾಕ್ತಾರಂತೆ ದೊಡ್ಡಪ್ಪ. ನಾನೂ ರಜಾ ಹಾಕಿ ಬತ್ತೀನಿ. ಚೌಕ ತಪ್ಪೋಗ್ಬಾರ್ದು, ನಿಂತ್ಕಂಡು ನೋಡ್ಕಬೇಕು."

"ಇನ್ನೂ ಮಾತುಕತೇನೇ ಆಗಿಲ್ವಲ್ಲವ್ವ!"

ಅವಳು ಕೈಯ ಸುಣ್ಣ ಕೊಡವಿದಳು. "ಆಯ್ತು ದೊಡ್ಡಪ್ಪ. ಈಗ್ತಾನೆ ಆಯ್ತು."

ನಾನು ಏಳಬೇಕಿತ್ತು, ಹಿರಿಯರ ಕಾಲಿಗೆ ಬೀಳಬೇಕಿತ್ತು. ಎದ್ದರೆ ಹೊಸ ಗೆರೆ ಅಳಿಸಿಹೋದೀತೆಂದು ಕೂತೇ ಕೈಮುಗಿದೆ.