ಉಸುಕಿನ ಮೇಲಿಟ್ಟ ತತ್ತಿ

ಈಗಷ್ಟೇ ಬೆಳಕು ಹರಿದಿದೆ. ಸಾಲಗುಂದದ ತಮ್ಮ ಮನೆಯಂಗಳದಲ್ಲಿ ಶಂಶಾದ್‌ಬೀ ಕಾವಿಗೆ ಕೂತ ಕೋಳಿಯನ್ನು ಬುಟ್ಟಿಯಿಂದ ಎಬ್ಬಿಸುತ್ತಾರೆ. ಅದರಡಿಯ ತತ್ತಿಗಳನ್ನು ಒಂದೊಂದಾಗಿ ಉಗುರುಬೆಚ್ಚನೆಯ ನೀರಿಗೆ ಬಿಡುತ್ತಾರೆ. ಮರಿಯಾಗುವ ದಿನ ಹತ್ತಿರ ಬಂದ ತತ್ತಿ ನೀರಿನಲ್ಲಿ ತಾನಾಗಿ ಅಲುಗಬೇಕು. ಒಳಗಿನ ಜೀವ ಒದೆಯುತ್ತದೆ.

ತತ್ತಿ ತಂದುಕೊಟ್ಟಿದ್ದ ಪಕ್ಕದ ಮನೆಯ ಯಮನಮ್ಮ ಬೋಗುಣಿಯ ಮೇಲೆ ಬಾಗುತ್ತಾರೆ. "ಉಸರು ಬಿಗಿ ಹಿಡಿ ಬೇ, ನೀರು ಅಲುಗತೈತಿ," ಶಂಶಾದ್‌ಬೀ ಗದರುತ್ತಾರೆ.

"ಉಸರೂ ಆಡಬಾರದೇನು? ಹುಟ್ಟೋದು ಕೋಳಿಮರಿ, ನವಾಬನ ಮಗ ಅಲ್ಲ!"

ನಗು ಅಲ್ಲಿಗೇ ನಿಲ್ಲುತ್ತದೆ. ಒಂದು ತತ್ತಿಯೂ ಅಲುಗುವುದಿಲ್ಲ. ಶಂಶಾದ್‌ಬೀ ಒಂದನ್ನು ಕಲ್ಲಿಗೆ ಬಡಿದು ಒಡೆಯುತ್ತಾರೆ. ಒಳಗೆ ಮರಿಯಿದೆ, ಪುಕ್ಕವೂ ಮೂಡಿದೆ. ಕಾಲು ತಿರುಚಿಕೊಂಡಿವೆ, ಹೊಟ್ಟೆ ಮುಚ್ಚಿಕೊಂಡೇ ಇಲ್ಲ. ಯಮನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋಗುತ್ತಾರೆ.

ಮರಿ ಮಾಡಿಸುವುದು ಶಂಶಾದ್‌ಬೀಯವರ ಕೈಗುಣ ಎಂದು ಊರು ನಂಬಿತ್ತು. ಕೋಳಿ, ತತ್ತಿ ಯಾರದಾದರೂ ಇರಲಿ, ಬುಟ್ಟಿ ಇವರದು. ಹುಟ್ಟಿದ ಮರಿಗಳಲ್ಲಿ ಅರ್ಧ ಪಾಲು ಇವರಿಗೆ. ಗದ್ದೆಯಲ್ಲಿ ಕಸ, ಅಂದರೆ ಕಳೆ, ತೆಗೆಯುವುದು ಅವರ ಇನ್ನೊಂದು ದುಡಿಮೆ. ಕಾಲುವೆ ನೀರು ಬಂದಾಗಿನಿಂದ ಹೆಂಗಸರ ಸಾಲಿನಲ್ಲಿ ಸೊಂಟ ಬಗ್ಗಿಸಿ ಅವರು ಕಿತ್ತ ಕಸಕ್ಕೆ ಲೆಕ್ಕವಿಲ್ಲ. ಆಮೇಲೆ ಸಿಂಧನೂರಿನ ಅಂಗಡಿಗಳಿಗೆ 'ಕಸದ ಎಣ್ಣೆ' ಎಂಬ ಕಳೆನಾಶಕ ಬಂತು. ಒಣ ಉಸುಕಿಗೆ ಕಲಸಿ, ನಾಟಿಯಾದ ಮಡಿಯ ನೀರಿಗೆ ಎರಚಿದರೆ ಕಸ ಹುಟ್ಟುವುದೇ ಇಲ್ಲ. ಕಸ ತೆಗೆಯುವ ಹೆಂಗಸರ ಹೊಟ್ಟೆಗೆ ಏನು ಎಂದು ಡಬ್ಬಿ ಮಾರಿದವರು ಕೇಳಲಿಲ್ಲ. ಡಬ್ಬಿಯ ಮೇಲೆ ಭತ್ತದ ತೆನೆಯ ದೊಡ್ಡ ಚಿತ್ರವಿದೆ. ಎಚ್ಚರಿಕೆ ಮಾತ್ರ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ!

ಆ ಉಸುಕನ್ನು ಬರಿಗೈಯಲ್ಲಿ ಕಲಸುವ ಕೂಲಿ ಸೊಸೆ ಹುಸೇನ್‌ಬೀಗೆ ಸಿಕ್ಕಿತು. ಲಿಂಗಸುಗೂರಿನಿಂದ ಬಂದ ಹುಡುಗಿ, ಈಗ ತುಂಬು ಬಸುರಿ.

ಕಾವಿನ ಬುಟ್ಟಿಯ ತಳಕ್ಕೆ ಉಸುಕು ಹಾಸಿ, ಮೇಲೆ ಹುಲ್ಲು ಹರವುವುದು ಇಲ್ಲಿಯ ರೂಢಿ. ಈ ಸಲ ಹಳ್ಳದ ಉಸುಕು ತರುವ ಗೋಜಿರಲಿಲ್ಲ. ಗದ್ದೆಯ ಬದುವಿನಲ್ಲಿ ಎಣ್ಣೆ ಕಲಸಿ ಉಳಿದಿದ್ದನ್ನು ಹುಸೇನ್‌ಬೀ ಹೊತ್ತು ತಂದಿದ್ದಳು.

"ಚೊಲೋ ಜರಡಿ ಹಿಡದ ಉಸುಕು, ಚೆಲ್ಲೋದ್ಯಾಕ ಅಂತ ತಂದ್ಲು. ಹಾಸಿದಾಕಿ ನಾನು," ಎಂದು ನನಗೆ ಹೇಳುತ್ತಾರೆ ಶಂಶಾದ್‌ಬೀ. "ನಾತ ಇತ್ರೀ. ಬಿಸಲಿಗೆ ಹರವಿದೆ, ಹೋತು ಅನ್ಕೊಂಡೆ."

ಅಷ್ಟರಲ್ಲಿ ಗದ್ದೆಯ ಮಾಲೀಕ ಗೋಪಣ್ಣ ಅಂಗಳಕ್ಕೆ ಬರುತ್ತಾರೆ. "ಹುಸೇನ್‌ಬೀ, ಕೆಳಗಿನ ಮಡಿಗೆ ನೀರು ಕಟ್ಟೀನಿ. ಉಸುಕು ಕಲಸಾಕ ನಡಿಯವ್ವ."

"ಆಕಿ ಬರಂಗಿಲ್ರೀ. ಆ ಉಸುಕಿನ ಮ್ಯಾಲಿಟ್ಟ ತತ್ತಿ ಎಲ್ಲಾ ಕೆಟ್ಟಾವ," ಎಂದು ಶಂಶಾದ್‌ಬೀ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

"ಅಲ್ಲಬೇ, ಅಂಗಡಿಯವನು ಹುಲ್ಲಿಗೆ ಬಿಟ್ರ ಯಾರಿಗೂ ಏನೂ ಆಗಂಗಿಲ್ಲ ಅಂದಾನ. ತತ್ತಿ ಕೆಟ್ರ ಮನಷ್ಯಾರಿಗೇನಾಗತೈತಿ?"

"ನನಗ ಗೊತ್ತಿಲ್ರೀ. ಗೊತ್ತಿಲ್ಲಂತನ ಕಳಸಂಗಿಲ್ಲ."

"ಬ್ಯಾರೇದಾಕಿನ ಕರೀತೀನಿ, ಬಿಡು."

"ಬಸರಿದ್ರ ಆಕಿನ್ನೂ ಕರೀಬ್ಯಾಡ್ರೀ."

ಗೋಪಣ್ಣ ಗೊಣಗುತ್ತ ಹೋಗುತ್ತಾರೆ. ಒಳಗಿನಿಂದ ಹುಸೇನ್‌ಬೀಯ ದನಿ: "ಪಗಾರ ಬ್ಯಾಡಂದಿ, ಆತು. ಇವತ್ತು ಒಲಿ ಮ್ಯಾಲ ಏನಿಡಾನ, ಅತ್ತಿ?"

"ನನ್ನ ತಲಿ ಇಡು. ನೀ ಕುಂತಲ್ಲೇ ಕುಂದ್ರು."

ಶಂಶಾದ್‌ಬೀ ಸತ್ತ ತತ್ತಿಗಳನ್ನು ನಾಯಿ ಕೆದರದಷ್ಟು ಆಳಕ್ಕೆ ಹೂಳುತ್ತಾರೆ. ಬೀದಿಯಾಚೆ ಆಗಲೇ ಮಾತು ಹಬ್ಬಿದೆ, ಶಂಶಾದ್‌ಬೀ ಕೈ ಕೆಟ್ಟಿದೆ, ಇನ್ನು ಅವರಲ್ಲಿ ಕಾವಿಗೆ ಕೊಡಬಾರದು ಎಂದು. ಅದು ನೋವಲ್ಲವೇ ಎಂದು ನಾನು ಕೇಳಿದರೆ ಅವರು ಸೊಸೆಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ.

"ಅನ್ನಲಿ ಬಿಡ್ರೀ. ಅವರಂದದ್ದೇ ಖರೇ ಆಗಲಿ ಅಂತ ನಮಾಜಿನಾಗ ಬೇಡಾಕತ್ತೀನಿ. ಕೆಟ್ಟಿದ್ದು ನನ್ನ ಕೈಯೇ ಆಗಿರಲಿ, ಉಸುಕು ಆಗಿರೋದು ಬ್ಯಾಡ. ಆಕಿ ನಿನ್ನೆತನಕಾ ಅದನ್ನ ಕಲಸ್ಯಾಳ."