ಬೇವಿನ ಗಿಡದಿಂದ ಇಪ್ಪತ್ತೈದು ಹೆಜ್ಜೆ

ಅಕ್ಕವ್ವಾ, ತಮ್ಮಣ್ಣಾ, ಮನೆಯಲ್ಲಿ ಕರೆಯುವಂತೆಯೇ ಇಲ್ಲಿಯೂ ನಿಮ್ಮನ್ನು ಕರೆಯುತ್ತೇನೆ. ಹೋದ ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದ್ದು ನಿಮಗೆ ಗೊತ್ತು. ಪರೀಕ್ಷೆ ಇತ್ತೆಂದು ನಿಮ್ಮಪ್ಪ ನಿಮ್ಮನ್ನು ಜೆಸಿಬಿ ನೋಡಲು ಕರೆತರಲಿಲ್ಲ. ಅವತ್ತು ಅಲ್ಲಿ ನಡೆದದ್ದನ್ನು ನಾನು ಯಾರಿಗೂ ಹೇಳಿಲ್ಲ. ನನಗೆ ಮಾತು ಕಡಿಮೆ. ಊರ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದರಿಂದ ಬರೆಯಲು ಬರುತ್ತದೆ.

ನಿಮ್ಮಪ್ಪನಿಗಿಂತ ಮೊದಲು ನನಗೊಂದು ಹೆಣ್ಣು ಕೂಸು ಹುಟ್ಟಿತ್ತು. ಮೂರು ದಿನ ಬದುಕಿತ್ತು. ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ದೊಡ್ಡವರಿಗಾದರೆ ಗದ್ದಿಗೆ ಕಟ್ಟುತ್ತಾರೆ. ಹೆಸರಿಲ್ಲದ ಕೂಸಿಗೆ ಗುರುತು ಇಡುವುದಿಲ್ಲ. ಬಾಣಂತಿಯಾದ ನಾನು ಹೋಗುವಂತಿರಲಿಲ್ಲ. ನಿಮ್ಮ ಅಜ್ಜ ಒಬ್ಬರೇ ಕೂಸನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದರು. ತಿರುಗಿ ಬಂದು ಬಾಗಿಲ ಹೊರಗೆ ನಿಂತು, ನನ್ನ ಮುಖ ನೋಡದೆ ಹೇಳಿದರು:

“ಬೇವಿನ ಗಿಡದಿಂದ ಹೊತ್ತು ಮೂಡು ಕಡೆ ಇಪ್ಪತ್ತೈದ ಹೆಜ್ಜಿ. ನರಿ ಕೆದರಬಾರದಂತ ಕೂಸಿನ ಮ್ಯಾಲ ಒಡದ ಬೀಸೂಕಲ್ಲಿನ ಹೋಳ ಇಟ್ಟ ಮಣ್ಣ ಮುಚ್ಚೇನಿ.”

ಒಳಗಿನಿಂದ ನಮ್ಮತ್ತೆ ಅಂದರು, “ಸಾಕ ಮಾಡೋ. ಹೆಸರಿಡದ ಕೂಸಿನ ಮಾತ ಆಡಬಾರದು. ಮುಂದಿನ ಬಸರಿಗೆ ನೆರಳ ಬೀಳತೈತಿ.”

ಆಮೇಲೆ ನಾವಿಬ್ಬರೂ ಆ ಮಾತು ಆಡಲೇ ಇಲ್ಲ. ನಿಮ್ಮಪ್ಪ ಹುಟ್ಟಿದ, ದೊಡ್ಡವನಾದ. ಕಳೆ ತೆಗೆಯಲು ಹೋದಾಗಲೆಲ್ಲ ನಾನು ಬೇವಿನ ಗಿಡದಿಂದ ಎಣಿಸಿಕೊಂಡು ಹೋಗಿ, ಇಪ್ಪತ್ತೈದಕ್ಕೆ ನಿಂತು, ಸೆರಗು ಸರಿಮಾಡಿಕೊಂಡು ಬರುತ್ತಿದ್ದೆ. ನೋಡಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಅಜ್ಜ ಹೋದ ಮೇಲೆ ಆ ಜಾಗ ಬಲ್ಲವಳು ನಾನೊಬ್ಬಳೇ ಉಳಿದೆ.

ಕಾಲುವೆಯ ನೀರು ಪಾಳಿಯ ಮೇಲೆ ಬರುತ್ತದೆ, ಬಂದಾಗ ಹಿಡಿದಿಡಲು ಹೊಂಡ ಬೇಕು ಎಂದು ನಿಮ್ಮಪ್ಪ ಹೇಳುತ್ತಲೇ ಇದ್ದ. ಅವತ್ತು ನಾನು ಬುತ್ತಿ ತೆಗೆದುಕೊಂಡು ಹೋದಾಗ ಮುಧೋಳದಿಂದ ತರಿಸಿದ ಜೆಸಿಬಿ ಬಂದು ನಿಂತಿತ್ತು. ನೆಲದ ಮೇಲೆ ಸುಣ್ಣದ ಪುಡಿಯಿಂದ ಚೌಕ ಹಾಕಿದ್ದರು, ಬೇವಿನ ಗಿಡದ ಸಮೀಪದಲ್ಲೇ. ಬುತ್ತಿ ಇಳಿಸಿ ಎಣಿಸಿದೆ. ಇಪ್ಪತ್ತೈದನೆಯ ಹೆಜ್ಜೆ ಗೆರೆಯ ಒಳಗೆ ಬಿತ್ತು.

“ಹೊಂಡ ಇಲ್ಲಿ ಬ್ಯಾಡೋ,” ಅಂದೆ.

“ಯಾಕ ಬೇ ಯವ್ವಾ? ಇಳಿಜಾರ ನೋಡಿನ ಗೆರಿ ಹಾಕೇನಿ.”

ನಿಜ ಹೇಳಬೇಕೆಂದು ಬಾಯಿ ತೆರೆದೆ. ಜೆಸಿಬಿಯವನು ನನ್ನನ್ನೇ ನೋಡುತ್ತಿದ್ದ. ಬದುವಿನ ಮೇಲೆ ನಾಲ್ಕು ಜನ ಗಂಡಸರು ಕುಳಿತಿದ್ದರು. ಬಾಯಿಗೆ ಬಂದದ್ದೇ ಬೇರೆ.

“ಹಿಂದಕ ಇಲ್ಲಿ ಹುತ್ತ ಇತ್ತು. ಮುಟ್ಟಬ್ಯಾಡ ಅಂದಿದ್ರು ನಿಮ್ಮಪ್ಪಾರು. ಹೊತ್ತು ಮೂಡು ಕಡೆ ಸರಸು.”

ಜೆಸಿಬಿಯವನು ನಕ್ಕ. “ಏನ್ರಿ ಮಾಲಕರ, ಹೊಂಡ ತೋಡಸ್ತೀರೋ, ಮದಿವಿ ಹಂದರ ಹಾಕಸ್ತೀರೋ? ಮುಂಜಾನಿಂದ ಬರೇ ಜಾಗಾನ ನೋಡಾಕತ್ತೇರಿ.”

“ಸುಮ್ನಿರೋ ಮಾರಾಯಾ,” ಅಂದ ನಿಮ್ಮಪ್ಪ. “ನಮ್ಮವ್ವ ಎಂದೂ ಇದು ಬೇಕು, ಅದು ಬ್ಯಾಡ ಅಂದಾಕಿ ಅಲ್ಲ. ಇವತ್ತ ಒಂದ ಮಾತ ಅಂದಾಳ. ಸರಸೂಣು.”

ಅವನೇ ಸುಣ್ಣದ ಬುಟ್ಟಿ ಹಿಡಿದು ಹೊಸ ಗೆರೆ ಎಳೆದ. ನನ್ನ ಇಪ್ಪತ್ತೈದನೆಯ ಹೆಜ್ಜೆ ಹೊರಗೆ ಉಳಿಯಿತು. ಎಷ್ಟು ಸಮಾಧಾನವಾಯಿತೆಂದರೆ, ಹಾಗೆ ನಕ್ಕವನಿಗೆ ಎರಡು ರೊಟ್ಟಿ ಹೆಚ್ಚೇ ಬಡಿಸಿದೆ.

ಊಟವಾದ ಮೇಲೆ ತೋಡಲು ಶುರು ಮಾಡಿದರು. ಎರೆಮಣ್ಣು ಹೆಂಟೆಹೆಂಟೆಯಾಗಿ ಏಳುತ್ತಿತ್ತು. ಟ್ರ್ಯಾಕ್ಟರು ಅದನ್ನು ತುಂಬಿಕೊಂಡು ಹೋಗಿ ಕೆಳಗಿನ ಹೊಲದಲ್ಲಿ ಹರಡಿ ಬರುತ್ತಿತ್ತು. ತಗ್ಗು ಸೊಂಟದಷ್ಟು ಇಳಿದಿತ್ತೋ ಇಲ್ಲವೋ, ಜೆಸಿಬಿಯ ಹಲ್ಲು ಕಲ್ಲಿಗೆ ತಾಗಿತು.

“ಬೀಸೂಕಲ್ಲಿನ ಹೋಳ ಐತ್ರೀ. ಇಲ್ಲಿ ಯಾರ ಬೀಸಾಕ ಕುಂತಿದ್ರು?”

“ನಿನ್ನ ಬೀಗ್ತಿ ಇರಬೇಕ ನೋಡು,” ಅಂದ ಬದುವಿನ ಮೇಲಿದ್ದವನೊಬ್ಬ. ಎಲ್ಲರೂ ನಕ್ಕರು. ನಿಮ್ಮಪ್ಪನೂ ನಕ್ಕ.

ನಿಮ್ಮ ಅಜ್ಜನದು ಉದ್ದ ಹೆಜ್ಜೆ. ಮದುವೆಯಾದ ಹೊಸತರಲ್ಲಿ ಚಿಮ್ಮಡದಿಂದ ಬನಹಟ್ಟಿಯ ಸಂತೆಗೆ ನಡೆದು ಹೋಗುವಾಗ ಅವರ ಒಂದು ಹೆಜ್ಜೆಗೆ ನಾನು ಎರಡು ಹಾಕುತ್ತ ಓಡಬೇಕಾಗುತ್ತಿತ್ತು. ಅದು ಗೊತ್ತಿದ್ದೂ ಇಷ್ಟು ವರ್ಷ ಅವರು ಹೇಳಿದ ಲೆಕ್ಕವನ್ನು ನನ್ನ ಕಾಲಿನಿಂದ ಅಳೆದಿದ್ದೆ. ನಾನು ಹೋಗಿ ನಿಲ್ಲುತ್ತಿದ್ದದ್ದು ಬರಿಯ ನೆಲದ ಮೇಲೆ. ಬಾಯಿ ಮುಚ್ಚಿಕೊಂಡಿದ್ದರೆ ಹೊಂಡ ಮೊದಲಿನ ಜಾಗದಲ್ಲೇ ಆಗಿ, ಅವಳು ಗೆರೆಯ ಆಚೆ ಉಳಿಯುತ್ತಿದ್ದಳು. ನಿಜ ಹೇಳಿದ್ದರೂ ಉಳಿಯುತ್ತಿದ್ದಳೇನೋ. ನಿಮ್ಮಪ್ಪನದು ಅಜ್ಜನದೇ ನಡಿಗೆ. ಅವನು ಎಣಿಸಿದ್ದರೆ ಸರಿಯಾದ ಕಡೆ ಹೋಗಿ ನಿಲ್ಲುತ್ತಿದ್ದ.

“ನಿಲ್ಲಸ್ರಿ,” ಅಂದೆ. ಆ ಸಪ್ಪಳದಲ್ಲಿ ನನಗೇ ಕೇಳಿಸಲಿಲ್ಲ. ಟ್ರ್ಯಾಕ್ಟರು ತುಂಬಿಕೊಂಡು ಹೊರಟಿತು. ಆ ಮಣ್ಣು ಕೆಳಗಿನ ಹೊಲದ ಯಾವ ಮೂಲೆಗೆ ಬಿತ್ತೋ ತಿಳಿಯದು.

ಅವರು ಚಹಾ ಕುಡಿಯಲು ಕುಳಿತಾಗ ತಗ್ಗಿಗೆ ಇಳಿದು, ಕಲ್ಲು ಎದ್ದ ಕಡೆಯ ಮಣ್ಣನ್ನು ಸೆರಗಿನಲ್ಲಿ ತುಂಬಿಕೊಂಡೆ. ಬೆರಳಾಡಿಸಿ ನೋಡಿದೆ. ಮಣ್ಣೇ ಇತ್ತು, ಬೇರೇನೂ ಇರಲಿಲ್ಲ. ಮೇಲಿನ ಹೊಲಕ್ಕೆ ಹೋಗಿ ನಿಮ್ಮ ಅಜ್ಜನ ಗದ್ದಿಗೆಯ ಪಕ್ಕದಲ್ಲಿ ಕೈಯಿಂದಲೇ ಕೆದರಿ ಅದನ್ನು ಇಟ್ಟೆ.

“ಅಲ್ಲೇನ ಮಾಡಾಕತ್ತಿ ಬೇ?” ನಿಮ್ಮಪ್ಪ ಕೂಗಿ ಕೇಳಿದ.

“ಪತ್ರಿ ಸಸಿ ಹಚ್ಚಬೇಕಂತ ಮಾಡೇನೋ,” ಅಂದೆ. ಅವತ್ತಿನ ಎರಡನೆಯ ಸುಳ್ಳು.

ಈಗ ಹೊಂಡಕ್ಕೆ ಕಪ್ಪು ಹಾಳೆ ಹಾಸಿ ನೀರು ತುಂಬಿಸಿದ್ದಾರೆ. ಕಬ್ಬು ಚೆನ್ನಾಗಿ ಬಂದಿದೆ. ಹೊಲಕ್ಕೆ ಬಂದವರಿಗೆಲ್ಲ ನಿಮ್ಮಪ್ಪ, “ನಮ್ಮವ್ವ ತೋರಿಸಿದ ಜಾಗಾರಿ ಇದು,” ಎಂದು ಹೇಳುತ್ತಾನೆ. ಆಗ ನಾನು ಏನಾದರೊಂದು ಕೆಲಸ ಹುಡುಕಿಕೊಂಡು ಆಚೆ ಹೋಗುತ್ತೇನೆ.

ಇದನ್ನು ಅವನಿಗೆ ಓದಿಸಬೇಡಿ. ತನ್ನ ಕೈಯಾರೆ ಗೆರೆ ಎಳೆದೆನಲ್ಲ ಎಂದು ಕೊರಗುತ್ತಾನೆ. ಆದರೆ ನಿಮಗೊಬ್ಬ ಸೋದರತ್ತೆ ಇದ್ದಳು. ತಲೆತುಂಬ ಕೂದಲಿತ್ತು, ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಇಷ್ಟನ್ನು ಬಲ್ಲವರು ನನ್ನ ನಂತರ ಯಾರೂ ಇರುವುದಿಲ್ಲ. ಈ ಹಾಳೆಗಳನ್ನು ನನ್ನ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇಡುತ್ತೇನೆ; ಅಲ್ಲಿ ನಿಮಗಾಗಿ ಏನೋ ಇದೆ ಎಂದಷ್ಟೇ ನಿಮ್ಮಿಬ್ಬರಿಗೆ ಮೊದಲೇ ಹೇಳಿರುತ್ತೇನೆ. ನಾನು ಹೋದ ದಿನ ಸೀರೆಗೆ ಕೈ ಹಾಕುವವರು ಬಹಳ ಜನ ಇರುತ್ತಾರೆ. ಅವರಿಗಿಂತ ಮೊದಲು ನೀವಿಬ್ಬರೂ ಇವನ್ನು ತೆಗೆದುಕೊಂಡು, ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿ ಇಟ್ಟುಕೊಳ್ಳಿ.