ಕನ್ನಡಿ ಅಕ್ಕನ ಸಿಟ್ಟು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕನ್ನಡಿ ಅಕ್ಕ ಎಂದೇ. ಕಾರ್ಟೂನ್ ಚಿತ್ರ ಬರೆಯುವವರ ಮೇಜಿನ ಮೇಲೊಂದು ಕನ್ನಡಿ ಇರುತ್ತದೆ. ಪಾತ್ರ ನಗಬೇಕಾದರೆ ಮೊದಲು ತಾವು ನಕ್ಕು, ಕನ್ನಡಿ ನೋಡಿ, ಆಮೇಲೆ ಬರೆಯುತ್ತಾರೆ. ಹದಿನಾಲ್ಕು ವರ್ಷಗಳಲ್ಲಿ ಅವಳು ಆ ಕನ್ನಡಿಯ ಮುಂದೆ ಕೋತಿಯಾಗಿದ್ದಾಳೆ, ಗೂಬೆಯಾಗಿದ್ದಾಳೆ, ಹಲ್ಲುನೋವಿನ ಮೊಸಳೆಯೂ ಆಗಿದ್ದಾಳೆ. ಈಗ ಮೊದಲ ಸಲ ನಾಯಕಿಯೊಬ್ಬಳು ಸಿಕ್ಕಿದ್ದಳು: ಹೆಣ್ಣುಮಕ್ಕಳಿಗೆಂದೇ ತಯಾರಾಗುತ್ತಿದ್ದ ಧಾರಾವಾಹಿಯ ಒಂಬತ್ತು ವರ್ಷದ ದೋಣಿ ಹುಡುಗಿ. ಊರಿನ ದೊಡ್ಡ ಮನುಷ್ಯ ಅವಳ ದೋಣಿಯ ಹುಟ್ಟನ್ನು ಕಿತ್ತುಕೊಳ್ಳಲು ಬರುತ್ತಾನೆ. ಅವಳು ಸಿಟ್ಟಿನಿಂದ "ಕೊಡಲ್ಲ" ಎನ್ನಬೇಕು. ಇಷ್ಟೇ ದೃಶ್ಯ.

ಇಷ್ಟೇ ಆದರೂ ಮೂರು ಸಲ ವಾಪಸ್ ಬಂತು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ," ಎಂದಳು ಅವಳಿಗಿಂತ ಹತ್ತು ವರ್ಷ ಚಿಕ್ಕವಳಾದ ನಿರ್ದೇಶಕಿ. "ಇವಳು ಸಿಟ್ಟಾಗಿಲ್ಲ. ಕ್ಷಮೆ ಕೇಳ್ತಿದ್ದಾಳೆ. ಸೋಮವಾರಕ್ಕೆ ಆಗ್ಲಿಲ್ಲ ಅಂದ್ರೆ ಈ ಹುಡುಗೀನ ಬೇರೆಯವರಿಗೆ ಕೊಡ್ಬೇಕಾಗುತ್ತೆ."

ಅಂದರೆ ಮತ್ತೆ ಮೊಸಳೆಯ ಹಲ್ಲೇ ಗತಿ.

ತಪ್ಪು ಕೈಯದಲ್ಲ, ಮುಖದ್ದು. ಚಿಕ್ಕಂದಿನಲ್ಲಿ ಅವಳು ಸಿಡುಕಿದಾಗಲೆಲ್ಲ ಅವಳಮ್ಮ, "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತೇನೇ?" ಎನ್ನುತ್ತಿದ್ದಳು. ಮೂಗು ಉಳಿಯಿತು, ಕೋಪ ಹೋಯಿತು. ಸೇರಿದ ಮನೆಯಲ್ಲೂ ಅದೇ ಹೊಗಳಿಕೆ. "ನಮ್ಮ ಸೊಸೆ ಮುಖ ಗಂಟು ಹಾಕಿದ್ದು ನಾನು ಕಂಡೇ ಇಲ್ಲ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಇಂಥ ಬಿರುದು ಕೊಡುವವರ ಗಂಟೇನೂ ಹೋಗುವುದಿಲ್ಲ ನೋಡಿ.

ಭಾನುವಾರ ಮಧ್ಯಾಹ್ನ ಕನ್ನಡಿಯನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಕೂತಳು. ಹುಬ್ಬು ಗಂಟಿಕ್ಕಿದಳು, ಹಲ್ಲು ಕಚ್ಚಿದಳು. ಕನ್ನಡಿಯೊಳಗಿನವಳು ಮಾತ್ರ ಇನ್ನೇನು ಅತ್ತೇಬಿಡುವ ಹಾಗಿದ್ದಳು. ಸಾಕಾಗಿ, ಎದುರಿಗೆ ಬಣ್ಣ ತುಂಬುತ್ತಿದ್ದ ಎಂಟು ವರ್ಷದ ಮಗಳನ್ನು ಕೇಳಿದಳು.

"ಪುಟ್ಟೀ, ಅಣ್ಣ ನಿನ್ ಪೆನ್ಸಿಲ್ ಕಿತ್ಕೊಂಡ್ರೆ ಸಿಟ್ಟು ಬರುತ್ತಲ್ಲ, ಆ ಮುಖ ಒಂದ್ಸಲ ತೋರ್ಸು."

ಮಗಳು ಯೋಚಿಸಿದಳು. "ನಂಗೆ ಸಿಟ್ಟು ಬರಲ್ಲಮ್ಮ. ಕೊಟ್ಬಿಡ್ತೀನಿ." ಆಮೇಲೆ ಹೆಮ್ಮೆಯಿಂದ, "ನಾನು ಥೇಟ್ ನಿನ್ ಹಾಗೇನಂತೆ, ಅಜ್ಜಿ ಹೇಳ್ತಾರೆ," ಎಂದು ನಕ್ಕಳು.

ಅವಳಿಗೆ ತನ್ನ ಅಮ್ಮನ ಮೇಲೆ ಸಿಟ್ಟು ಬಂತು, ಅತ್ತೆಯ ಮೇಲೆ ಬಂತು, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೇ ಬಂತು. ತಲೆಯೆತ್ತಿದರೆ ಕನ್ನಡಿಯಲ್ಲಿ ಹುಬ್ಬು, ದವಡೆ, ಮೂಗಿನ ಹೊಳ್ಳೆ ಎಲ್ಲ ಬೇಕಾದ ಹಾಗೆಯೇ ಇದ್ದವು. ಮಾಯವಾಗುವ ಮೊದಲು ಹಿಡಿಯಬೇಕೆಂದು ಮಗಳ ಮುಂದಿದ್ದ ಪೆನ್ಸಿಲ್‌ಗೆ ಕೈ ಹಾಕಿದಳು.

ಅಷ್ಟರಲ್ಲಿ ಮಗಳ ನಗು ಹೋಗಿತ್ತು. ಮೂರು ಸಲ ವಾಪಸ್ ಬಂದಿದ್ದ ಚಿತ್ರದ ಅದೇ ಮುಖ ಮಾಡಿಕೊಂಡು ಅಮ್ಮನನ್ನೇ ನೋಡುತ್ತಿದ್ದವಳು, ತನ್ನ ಬಣ್ಣದ ಡಬ್ಬಿಯನ್ನು ಮೆಲ್ಲಗೆ ಅವಳ ಕಡೆಗೆ ತಳ್ಳಿದಳು.

"ಸಾರಿ ಅಮ್ಮ," ಎಂದಳು. "ಇದನ್ನೂ ನೀನೇ ತಗೋ."